ಹಿರಿಯ ಆಟಗಾರನ ಕರೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಜುಲೈ ತಿಂಗಳು ಒಂದು ವಿಲಕ್ಷಣವಾದ ಕಾಲ. ಜೂನ್‌ನಲ್ಲಿ ಫೈನಲ್ ಪಂದ್ಯಗಳು ಮುಗಿದು ಆಟಗಾರರು ಮನೆ ಸೇರಿದ ಮೇಲೆ ಅಭಿಮಾನಿಗಳ ಉತ್ಸಾಹವೂ ತಣ್ಣಗಾಗಬಹುದೆಂದು ಯಾರಾದರೂ ಊಹಿಸಿದರೆ ಆ ಊಹೆ ತಪ್ಪಾದೀತು. ಕರಾರಿನ ಅವಧಿ ಮುಗಿಸಿಕೊಂಡ ಆಟಗಾರರು ಮುಂದೆ ಯಾವ ತಂಡದ ಅಂಗಿ ತೊಡುವರೆಂಬ ಪ್ರಶ್ನೆಯು ಆ ತಿಂಗಳ ಮೊದಲ ದಿನಗಳಲ್ಲಿಯೇ ತಲೆಯೆತ್ತಿ, ಪಂದ್ಯಗಳು ನಡೆಯುತ್ತಿರುವಾಗಲೂ ಕಾಣದಂಥ ಕಾವಿನ ಚರ್ಚೆಗೆ ಎಡೆಮಾಡಿಕೊಡುತ್ತದೆ. ಇಂಥ ಚರ್ಚೆಗಳಲ್ಲಿ ನನ್ನ ಮನಸ್ಸನ್ನು ಬಹುಕಾಲ ಹಿಡಿದು ನಿಲ್ಲಿಸಿರುವುದು 2013ರ ಜುಲೈನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಅಭಿಮಾನಿಗಳ ನಡುವೆ ಎದ್ದ ಚರ್ಚೆ. ಐದು ಸಲ ಚಾಂಪಿಯನ್ ತಂಡದಲ್ಲಿದ್ದ ಕೋಬಿ ಬ್ರಯಂಟರು, ತಂಡವನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಪಡೆದಿದ್ದ ಡ್ವೈಟ್ ಹೊವರ್ಡರನ್ನು ಉಳಿಸಿಕೊಳ್ಳಲು ಆಡಿದ ಮಾತು ಸರಿಯೋ ತಪ್ಪೋ ಎಂಬುದೇ ಅದರ ವಿಷಯ. ಮೇಲ್ನೋಟಕ್ಕೆ ಇದು ಆಟದ ವ್ಯವಹಾರವೊಂದರ ಸಣ್ಣ ಪ್ರಸಂಗವೆಂದು ತೋರಬಹುದಾದರೂ, ಹಿರಿಯನಾದವನು ಕಿರಿಯನನ್ನು ತನ್ನ ಜತೆಗೆ ಕರೆಯುವಾಗ ಏನನ್ನು ಕೊಡಬೇಕು, ಏನನ್ನು ಬಿಡಬೇಕು ಎಂಬ ಗಂಭೀರವಾದ ಪ್ರಶ್ನೆ ಅದರೊಳಗೆ ಅಡಗಿದೆ.

ಮೊದಲು ಆ ಸ್ವಾತಂತ್ರ್ಯದ ಸ್ವರೂಪವನ್ನು ತಿಳಿಯತಕ್ಕದ್ದು. ಎನ್‌ಬಿಎ ಸಂಸ್ಥೆಯ ಆಟಗಾರನು ಒಂದು ಕಾಲದಲ್ಲಿ ತನ್ನನ್ನು ಆರಿಸಿಕೊಂಡ ತಂಡಕ್ಕೆ ಬಹುಮಟ್ಟಿಗೆ ಕಟ್ಟುಬಿದ್ದವನಾಗಿದ್ದನು. ಕರಾರು ಮುಗಿದರೂ ಆತನ ಮೇಲಿನ ಹಕ್ಕು ತಂಡದಲ್ಲಿಯೇ ಉಳಿಯುತ್ತಿತ್ತು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ನರ ಹೆಸರಿನಲ್ಲಿ 1970ರಲ್ಲಿ ಹೂಡಿದ ದಾವೆಯು 1976ರಲ್ಲಿ ರಾಜಿಯಲ್ಲಿ ಮುಗಿದು ಆ ಬಂಧನವನ್ನು ಸಡಿಲಿಸಿತು. ಯಾವ ನಿರ್ಬಂಧವೂ ಇಲ್ಲದೆ ತಂಡ ಬದಲಿಸುವ ಅಧಿಕಾರವು 1988ರಲ್ಲಿ ಬಂದಿತು. ಆ ವರ್ಷ ಸಿಯಾಟಲ್ ತಂಡವನ್ನು ಬಿಟ್ಟು ಫೀನಿಕ್ಸ್ ಸೇರಿದ ಟಾಮ್ ಚೇಂಬರ್ಸರು ಅದನ್ನು ಬಳಸಿಕೊಂಡವರಲ್ಲಿ ಮೊದಲಿಗರು. ಹೀಗೆ ಕರಾರಿನಿಂದ ಮುಕ್ತನಾದ ಆಟಗಾರನನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ತಂಡಗಳ ಒಡೆಯರು, ಕೋಚ್‌ಗಳು, ಕೆಲವೊಮ್ಮೆ ತಂಡದ ಹಿರಿಯ ತಾರೆಗಳು ಆತನ ಬಳಿಗೆ ಹೋಗಿ, ನಮ್ಮಲ್ಲಿಗೆ ಬಾ ಎಂದು ಕೇಳಿಕೊಳ್ಳುವ ಪದ್ಧತಿ ಬೆಳೆದುದು ಈ ಸ್ವಾತಂತ್ರ್ಯದ ಫಲವಾಗಿ. ಹಿಂದೆ ಆಜ್ಞೆಯಿಂದ ನಡೆಯುತ್ತಿದ್ದ ಕಾರ್ಯವು ಈಗ ಮನವೊಲಿಸಿ ನಡೆಸಬೇಕಾದದ್ದಾಯಿತು.

ಹಣದ ಲೆಕ್ಕವೂ ಇಲ್ಲಿ ಮುಖ್ಯವಾದದ್ದೇ. ಪ್ರತಿ ತಂಡವೂ ಸಂಬಳಕ್ಕೆ ಖರ್ಚು ಮಾಡಬಹುದಾದ ಮೊತ್ತಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿಯುಂಟು. ಆದರೆ ತನ್ನಲ್ಲಿಯೇ ಇರುವ ಆಟಗಾರನನ್ನು ಉಳಿಸಿಕೊಳ್ಳುವುದಕ್ಕಾಗಿ ತಂಡವು ಆ ಮಿತಿಯನ್ನು ಮೀರಬಹುದು. ಬಾಸ್ಟನ್ನಿನ ಲ್ಯಾರಿ ಬರ್ಡರ ಹೆಸರಿನಿಂದ ಪ್ರಸಿದ್ಧವಾದ ವಿನಾಯಿತಿ ಇದು. 2013ರಲ್ಲಿ ಜಾರಿಯಲ್ಲಿದ್ದ ಒಪ್ಪಂದದಂತೆ ಲೇಕರ್ಸ್ ತಂಡವು ಹೊವರ್ಡರಿಗೆ ಐದು ವರ್ಷಗಳಿಗೆ ಸುಮಾರು 11.8 ಕೋಟಿ ಡಾಲರ್ ಕೊಡಬಹುದಾಗಿದ್ದರೆ, ಬೇರೆ ಯಾವ ತಂಡವೂ ನಾಲ್ಕು ವರ್ಷಗಳಿಗೆ ಸುಮಾರು 8.8 ಕೋಟಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಇಷ್ಟು ಅನುಕೂಲವಿದ್ದರೂ ಅಭಿಮಾನಿಗಳು ಕಳವಳಗೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ಆಗಲೇ ಮಿತಿಯನ್ನು ದಾಟಿದ್ದ ಲೇಕರ್ಸ್ ತಂಡಕ್ಕೆ, ಹೊವರ್ಡರು ಹೊರಟುಹೋದರೆ ಅವರ ಸ್ಥಾನಕ್ಕೆ ಅಷ್ಟೇ ಯೋಗ್ಯನಾದ ಮತ್ತೊಬ್ಬನನ್ನು ಅಷ್ಟೇ ಹಣ ಕೊಟ್ಟು ತರುವ ಅವಕಾಶವಿರಲಿಲ್ಲ. ಹೋದದ್ದು ಹೋದಂತೆಯೇ.

ಇನ್ನು ಆ ಇಬ್ಬರು ವ್ಯಕ್ತಿಗಳ ವಿಚಾರ. ಬ್ರಯಂಟರಿಗೆ ಆಗ ಮೂವತ್ನಾಲ್ಕು ವರ್ಷ. 1996ರಲ್ಲಿ, ಹೈಸ್ಕೂಲು ಮುಗಿಸಿದೊಡನೆಯೇ ಲೇಕರ್ಸ್ ಸೇರಿದ ಅವರು ಮತ್ತಾವ ತಂಡದ ಪರವಾಗಿಯೂ ಆಡಿದವರಲ್ಲ. ಅಭ್ಯಾಸದಲ್ಲಿ ಅವರಿಗಿದ್ದ ಕಠೋರವಾದ ನಿಷ್ಠೆ ಎಲ್ಲರೂ ಬಲ್ಲ ಸಂಗತಿ. ಹೊವರ್ಡರಿಗೆ ಇಪ್ಪತ್ತೇಳು. ಅವರೂ ಹೈಸ್ಕೂಲಿನಿಂದ ನೇರವಾಗಿ ಬಂದು, ತಂಡಗಳು ಹೊಸಬರನ್ನು ಆರಿಸಿಕೊಳ್ಳುವ 2004ರ ಡ್ರಾಫ್ಟ್‌ನಲ್ಲಿ ಪ್ರಥಮ ಸ್ಥಾನ ಪಡೆದು ಆರ್ಲೆಂಡೊ ತಂಡವನ್ನು ಸೇರಿದವರು. 2009, 2010, 2011 ಹೀಗೆ ಸತತವಾಗಿ ಮೂರು ವರ್ಷ ಶ್ರೇಷ್ಠ ರಕ್ಷಣಾ ಆಟಗಾರನೆಂಬ ಪ್ರಶಸ್ತಿ ಗಳಿಸಿದವರು. 2009ರಲ್ಲಿ ತಮ್ಮ ತಂಡವನ್ನು ಫೈನಲ್‌ವರೆಗೂ ಒಯ್ದವರು. ಆ ಫೈನಲ್‌ನಲ್ಲಿ ಆರ್ಲೆಂಡೊ ತಂಡವನ್ನು 4-1ರಿಂದ ಸೋಲಿಸಿದ್ದು ಬ್ರಯಂಟರ ಲೇಕರ್ಸ್ ತಂಡವೇ ಎಂಬುದನ್ನು ಇಲ್ಲಿ ನೆನೆಯಬೇಕು. ಹೊವರ್ಡರು ನಗುನಗುತ್ತ, ಸಹಆಟಗಾರರನ್ನು ನಗಿಸುತ್ತ ಆಡುವ ಸ್ವಭಾವದವರು. ಆಟವನ್ನು ತಪಸ್ಸೆಂದು ಭಾವಿಸಿದವನೊಬ್ಬ, ಉತ್ಸವವೆಂದು ಭಾವಿಸಿದವನೊಬ್ಬ. ಇಬ್ಬರೂ 2012ರ ಆಗಸ್ಟ್‌ನಲ್ಲಿ ನಾಲ್ಕು ತಂಡಗಳ ನಡುವೆ ನಡೆದ ವಿನಿಮಯದ ಫಲವಾಗಿ ಒಂದೇ ಸೂರಿನಡಿಗೆ ಬಂದರು.

ಆ ವರ್ಷ ಲೇಕರ್ಸ್ ಅಭಿಮಾನಿಗಳಿಗೆ ದುಃಸ್ವಪ್ನದಂತೆ ಕಳೆಯಿತು. ಹೆಸರಾಂತ ಆಟಗಾರ ಸ್ಟೀವ್ ನ್ಯಾಶರೂ ಬಂದು ಸೇರಿದ್ದರಿಂದ ಚಾಂಪಿಯನ್‌ಪಟ್ಟವು ಕೈಗೆ ಬಂದಂತೆಯೇ ಎಂದು ಹಿಗ್ಗಿದ್ದವರು, ಎರಡನೆಯ ಪಂದ್ಯದಲ್ಲಿಯೇ ನ್ಯಾಶರ ಕಾಲಿನ ಮೂಳೆ ಮುರಿದದ್ದನ್ನೂ, ಐದು ಪಂದ್ಯಗಳಾಗುವಷ್ಟರಲ್ಲಿ ಕೋಚ್ ಮೈಕ್ ಬ್ರೌನರನ್ನು ತೆಗೆದುಹಾಕಿದ್ದನ್ನೂ, ಹಿಂದಿನ ಕೋಚ್ ಫಿಲ್ ಜ್ಯಾಕ್ಸನ್ನರೇ ಬೇಕೆಂದು ಜನ ಕೂಗುತ್ತಿದ್ದರೂ ಆ ಸ್ಥಾನಕ್ಕೆ ಮೈಕ್ ಡ್ಯಾಂಟೋನಿಯವರು ಬಂದದ್ದನ್ನೂ ಕಂಡರು. ಫೆಬ್ರವರಿಯಲ್ಲಿ ತಂಡದ ಒಡೆಯ ಜೆರ್ರಿ ಬಸ್ಸರು ತೀರಿಕೊಂಡರು. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ಚೇತರಿಸಿಕೊಳ್ಳುವ ಮೊದಲೇ ಆಡಲಿಳಿದ ಹೊವರ್ಡರು ಭುಜದ ನೋವನ್ನೂ ಸಹಿಸಬೇಕಾಯಿತು. ಕಡೆಗೆ ಏಪ್ರಿಲ್ 12ರ ರಾತ್ರಿ, ಗೋಲ್ಡನ್ ಸ್ಟೇಟ್ ತಂಡದ ವಿರುದ್ಧ ಎದುರಾಳಿಯನ್ನು ದಾಟಿ ನುಗ್ಗಲು ಹೆಜ್ಜೆಯೂರಿದ ಬ್ರಯಂಟರ ಎಡ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ನೆಲಕ್ಕೆ ಬಿದ್ದು ಹಿಮ್ಮಡಿಯನ್ನು ಹಿಡಿದುಕೊಂಡು ಕೂತವರು ಎದ್ದು, ಕುಂಟುತ್ತಲೇ ಫ್ರೀ ಥ್ರೋ ಗೆರೆಯ ಬಳಿಗೆ ನಡೆದು, ತಮಗೆ ದೊರೆತಿದ್ದ ಎರಡು ಎಸೆತಗಳನ್ನೂ ಬುಟ್ಟಿಗೆ ಹಾಕಿ, ಅನಂತರವೇ ಅಂಗಣವನ್ನು ಬಿಟ್ಟು ಹೊರನಡೆದರು. ತಂಡವು 45 ಪಂದ್ಯ ಗೆದ್ದು 37 ಸೋತು, ಹೇಗೋ ಪ್ಲೇಆಫ್ ತಲುಪಿ, ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಒಪ್ಪಿಸಿತು.

ಈ ಹಿನ್ನೆಲೆಯಲ್ಲಿ ಜುಲೈ ಬಂದಿತು. ಸ್ಟೇಪಲ್ಸ್ ಸೆಂಟರ್ ಕ್ರೀಡಾಂಗಣದ ಹೊರಗೋಡೆಯ ಮೇಲೆ ಹೊವರ್ಡರ ಚಿತ್ರವನ್ನೂ, ಉಳಿ ಎಂಬರ್ಥದ ಒಂದೇ ಒಂದು ಪದವನ್ನೂ ಬರೆಯಿಸಿದ ಬೃಹತ್ ಫಲಕವನ್ನು ತೂಗುಹಾಕಿದರು. ಹದಿನಾರು ಚಾಂಪಿಯನ್‌ಪಟ್ಟಗಳ ಹೆಮ್ಮೆಯುಳ್ಳ ಆ ತಂಡವು ಒಬ್ಬ ಆಟಗಾರನನ್ನು ಹೀಗೆ ಬಹಿರಂಗವಾಗಿ ಬೇಡಿಕೊಂಡದ್ದನ್ನು ಕಂಡು ಹಲವು ಹಳೆಯ ಅಭಿಮಾನಿಗಳಿಗೆ ಮುಜುಗರವಾಯಿತು. ಅನಂತರ ನಡೆದ ಭೇಟಿಗೆ ತಂಡದ ಆಡಳಿತಗಾರರ ಜತೆಗೆ ಬ್ರಯಂಟರೂ ನ್ಯಾಶರೂ ಹೋದರು. ಆ ಕೊಠಡಿಯಲ್ಲಿ ಬ್ರಯಂಟರು ಹೇಳಿದ್ದರ ಸಾರಾಂಶವೆಂದು ಪತ್ರಿಕೆಗಳಲ್ಲಿ ವರದಿಯಾದದ್ದು ಇಷ್ಟು: ಗೆಲ್ಲುವ ವಿದ್ಯೆಯನ್ನು ನೀನು ಇನ್ನೂ ಕಲಿಯಬೇಕಾಗಿದೆ, ಅದನ್ನು ಕಲಿಸಲು ನಾನು ಇಲ್ಲಿದ್ದೇನೆ. ಈ ಮಾತು ಹೊವರ್ಡರಿಗೆ ರುಚಿಸಲಿಲ್ಲವೆಂಬ ಸುದ್ದಿಯೂ ಅದರ ಬೆನ್ನಿಗೇ ಹಬ್ಬಿತು. ಜುಲೈ 5ರಂದು ಅವರು ಹ್ಯೂಸ್ಟನ್ ರಾಕೆಟ್ಸ್ ತಂಡವನ್ನು ಸೇರುವುದಾಗಿ ತಿಳಿಸಿದರು. ಮೂರು ಕೋಟಿ ಡಾಲರುಗಳ ಹೆಚ್ಚಳವನ್ನೂ ಐದನೆಯ ವರ್ಷದ ಭದ್ರತೆಯನ್ನೂ ಬಿಟ್ಟುಕೊಟ್ಟು ಹೋದರೆಂಬುದೇ ಚರ್ಚೆಯ ಕಿಚ್ಚಿಗೆ ಎಣ್ಣೆಯಾಯಿತು.

ಬ್ರಯಂಟರ ಪಕ್ಷ ಹಿಡಿದವರ ವಾದವು ಅಲ್ಲಗಳೆಯಲಾಗದಷ್ಟು ಬಲವುಳ್ಳದ್ದು. ಆಹ್ವಾನವೆಂದರೆ ಸ್ತುತಿಪಾಠವಾಗಬೇಕೆಂದು ಯಾವ ಧರ್ಮಶಾಸ್ತ್ರವೂ ವಿಧಿಸಿಲ್ಲ. ಐದು ಪಟ್ಟಗಳನ್ನು ಗೆದ್ದವನು ಒಂದನ್ನೂ ಗೆಲ್ಲದವನಿಗೆ, ನಿನ್ನಲ್ಲಿ ಕೊರತೆಯಿದೆ, ಬಾ, ತಿದ್ದುತ್ತೇನೆ ಎಂದರೆ ಅದಕ್ಕಿಂತ ಪ್ರಾಮಾಣಿಕವಾದ ಕರೆ ಇನ್ನೇನಿದ್ದೀತು? ಒಂದು ಗಂಟೆಯ ಸಭೆಯಲ್ಲಿ ಸತ್ಯವನ್ನು ಸಹಿಸಲಾರದವನು ಎಂಬತ್ತೆರಡು ಪಂದ್ಯಗಳ ಋತುವಿನಲ್ಲಿ ಅದನ್ನು ಸಹಿಸುವನೆ? ಹರಿದ ಹಿಮ್ಮಡಿಯಲ್ಲಿ ನಿಂತು ಎರಡು ಎಸೆತಗಳನ್ನು ಸಾಧಿಸಿದವನ ಶಿಷ್ಯತ್ವವನ್ನು ನಿರಾಕರಿಸಿದವನು ಹೋದದ್ದೇ ಲೇಸಾಯಿತೆಂದು ಇವರು ಹೇಳಿದರು. ಪ್ರತಿಪಕ್ಷದವರ ಮಾತೂ ನಿರಾಧಾರವಾದದ್ದಲ್ಲ. ತನ್ನ ತಂಡವನ್ನು ಫೈನಲ್‌ಗೆ ಒಯ್ದ, ಮೂರು ಬಾರಿ ರಕ್ಷಣೆಯಲ್ಲಿ ಅಗ್ರಗಣ್ಯನೆನಿಸಿದ, ನೋವನ್ನು ನುಂಗಿಕೊಂಡು ಸರಾಸರಿ 17 ಅಂಕ ಹಾಗೂ 12 ರಿಬೌಂಡ್ ತಂದುಕೊಟ್ಟ ಆಟಗಾರನನ್ನು ಎದುರಿಗೆ ಕೂರಿಸಿಕೊಂಡು ಅಕ್ಷರಾಭ್ಯಾಸ ಮಾಡಿಸುವೆನೆಂದರೆ ಅದು ಔಚಿತ್ಯವಲ್ಲ. ಬಂದವನನ್ನು ಬೇಡಿಕೊಳ್ಳುವ ಫಲಕವನ್ನು ಹೊರಗೆ ತೂಗುಹಾಕಿ, ಒಳಗೆ ಅವನ ನ್ಯೂನತೆಯನ್ನು ಎಣಿಸುವುದು ತನಗೆ ತಾನೇ ವಿರುದ್ಧವಾದ ನಡತೆ.

ಮೂರನೆಯ ಪಂಗಡವೊಂದಿತ್ತು. ಇವರು ಭಾವನೆಗಳನ್ನು ಬದಿಗಿಟ್ಟು ಲೆಕ್ಕ ಹಾಕುವವರು. ಕ್ಯಾಲಿಫೋರ್ನಿಯದಲ್ಲಿ ದೊಡ್ಡ ವರಮಾನದ ಮೇಲೆ ರಾಜ್ಯದ ತೆರಿಗೆ ಶೇಕಡ 13ಕ್ಕೂ ಮಿಗಿಲು, ಟೆಕ್ಸಾಸ್‌ನಲ್ಲಿ ಅಂಥ ತೆರಿಗೆಯೇ ಇಲ್ಲ. ಆದಕಾರಣ ಮೊದಲ ನಾಲ್ಕು ವರ್ಷಗಳ ಮಟ್ಟಿಗೆ ನಷ್ಟವೆಂಬುದು ತೋರಿದಷ್ಟು ದೊಡ್ಡದಲ್ಲ. ಹ್ಯೂಸ್ಟನ್ನಿನಲ್ಲಿ ತರುಣ ಜೇಮ್ಸ್ ಹಾರ್ಡನ್ನರಿದ್ದರು. ಸೆಂಟರ್ ಸ್ಥಾನದ ಆಟಕ್ಕೆ ಮಾದರಿಯೆನಿಸಿದ ಹಕೀಮ್ ಒಲಾಜುವಾನರ ಮಾರ್ಗದರ್ಶನದ ಆಶ್ವಾಸನೆಯಿತ್ತು. ಡ್ಯಾಂಟೋನಿಯವರ ವೇಗದ ಪದ್ಧತಿಯು ಬುಟ್ಟಿಯ ಸಮೀಪದಲ್ಲಿ ಚೆಂಡನ್ನು ಬಯಸುವ ಹೊವರ್ಡರಿಗೆ ಒಗ್ಗಿರಲಿಲ್ಲ. ಇಷ್ಟೆಲ್ಲ ಕಾರಣಗಳಿರುವಾಗ ಬ್ರಯಂಟರ ಒಂದು ಮಾತಿಗೆ ಅಷ್ಟು ಭಾರ ಹೊರಿಸುವುದೇಕೆಂಬುದು ಇವರ ಪ್ರಶ್ನೆ. ಹ್ಯೂಸ್ಟನ್ನಿನವರೂ ಒಬ್ಬ ಗುರುವನ್ನು ತೋರಿಸಿಯೇ ಕರೆದರೆಂಬುದು ಈ ವಾದದೊಳಗೆ ಯಾರೂ ಹೆಚ್ಚಾಗಿ ಗಮನಿಸದ ಅಂಶ. ಕಲಿಯುವುದೆಂದರೆ ಹೊವರ್ಡರಿಗೆ ಹೇವರಿಕೆಯಿತ್ತೆಂದು ಹೇಳಲು ಇದರಿಂದ ಆಸ್ಪದವಿಲ್ಲದಾಗುತ್ತದೆ. ಒಲಾಜುವಾನರು ನಿವೃತ್ತರು, ವಿದ್ಯೆಯನ್ನು ಕಲಿಸಿ ಅಂಗಣವನ್ನು ಶಿಷ್ಯನಿಗೇ ಬಿಟ್ಟುಕೊಡುವವರು. ಬ್ರಯಂಟರಾದರೋ ಅದೇ ಅಂಗಣದಲ್ಲಿ ಅದೇ ಚೆಂಡನ್ನು ಕೈಯಲ್ಲಿ ಹಿಡಿದಿದ್ದವರು.

ನನ್ನ ಅಭಿಪ್ರಾಯವು ಇಲ್ಲಿಂದ ಮೊದಲಾಗುತ್ತದೆ. ಬ್ರಯಂಟರ ಮಾತು ನಿಜವೋ ಸುಳ್ಳೋ, ಮೃದುವೋ ಕಟುವೋ ಎಂದು ವಾದಿಸಿದವರೆಲ್ಲರೂ ಮಾತಿನ ಗುಣವನ್ನು ತೂಗಿದರು. ಆ ಮಾತಿನೊಡನೆ ಆತನು ಏನನ್ನು ಬಿಟ್ಟುಕೊಡಲು ಸಿದ್ಧನಿದ್ದನೆಂಬುದನ್ನು ತೂಗಿದವರು ವಿರಳ. ಮಹಾಭಾರತದ ಉದ್ಯೋಗಪರ್ವದಲ್ಲಿ ಸೇನಾಬಲವನ್ನು ಎಣಿಸುವಾಗ ಭೀಷ್ಮರು ಕರ್ಣನನ್ನು ಅರ್ಧರಥನೆಂದು ಕರೆದ ಪ್ರಸಂಗ ನಮ್ಮೆಲ್ಲರಿಗೂ ತಿಳಿದದ್ದು. ಕವಚಕುಂಡಲಗಳು ಹೋದವೆಂದೂ ಗುರುಶಾಪವಿದೆಯೆಂದೂ ಅವರು ಕೊಟ್ಟ ಕಾರಣಗಳಲ್ಲಿ ಸುಳ್ಳಿರಲಿಲ್ಲ. ಆದರೂ ಪಿತಾಮಹರು ಬೀಳುವವರೆಗೆ ಆಯುಧ ಹಿಡಿಯೆನೆಂದು ಕರ್ಣನು ಹೊರನಡೆದನು. ಹತ್ತು ದಿನಗಳ ಯುದ್ಧವು ಅವನಿಲ್ಲದೆ ನಡೆಯಿತು. ಹಿರಿಯನ ಸ್ಥಾನವು ಭದ್ರವಾಗಿರುವಾಗ ಆತನು ಆಡುವ ಸತ್ಯವು ಕಿರಿಯನ ಕಿವಿಗೆ ಸತ್ಯವಾಗಿ ಕೇಳಿಸದೆ, ನನ್ನ ಕೆಳಗೆ ನಿನ್ನ ನೆಲೆ ಇಷ್ಟೇ ಎಂಬ ತೀರ್ಪಾಗಿ ಕೇಳಿಸುತ್ತದೆ. ಕೇಳಿದವನ ಅಭಿಮಾನವನ್ನು ದೂಷಿಸಬಹುದು. ಸೇನೆಗಾದ ನಷ್ಟವು ಅದರಿಂದ ತುಂಬುವುದಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆಯೊಂದು ಅದೇ ಆಟದ ಚರಿತ್ರೆಯಲ್ಲಿದೆ. 2000ದ ಬೇಸಗೆಯಲ್ಲಿ ಸ್ಯಾನ್ ಆಂಟೋನಿಯೊ ತಂಡದ ಟಿಮ್ ಡಂಕನ್ನರು ಫ್ರೀ ಏಜೆಂಟ್ ಆದಾಗ ಆರ್ಲೆಂಡೊ ತಂಡವು ಅವರನ್ನು ಸೆಳೆಯಲು ಸರ್ವಪ್ರಯತ್ನವನ್ನೂ ಮಾಡಿತು. ಆಗ ಹವಾಯಿ ದ್ವೀಪದಲ್ಲಿ ವಿಶ್ರಾಂತಿಯಲ್ಲಿದ್ದ ಹಿರಿಯ ಆಟಗಾರ ಡೇವಿಡ್ ರಾಬಿನ್ಸನ್ನರು ರಜೆಯನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಿ ಡಂಕನ್ನರೊಡನೆ ಮಾತನಾಡಿದರು, ಡಂಕನ್ನರು ಉಳಿದರು. ಆ ಮಾತಿಗೆ ಬಲ ಬಂದದ್ದು ಅದನ್ನಾಡಿದ ದಿನದಿಂದಲ್ಲ. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದ, 1995ರಲ್ಲಿ ವರ್ಷದ ಅತ್ಯಮೂಲ್ಯ ಆಟಗಾರನೆನಿಸಿದ, ಒಂದೇ ಪಂದ್ಯದಲ್ಲಿ 71 ಅಂಕ ಗಳಿಸಿದ್ದ ರಾಬಿನ್ಸನ್ನರು, 1997ರಲ್ಲಿ ಡಂಕನ್ನರು ಬಂದ ಮೇಲೆ ತಾವೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಡಂಕನ್ನರ ಮೊದಲ ವರ್ಷದಲ್ಲಿ ಪಂದ್ಯಕ್ಕೆ ಇಪ್ಪತ್ತೊಂದನ್ನು ಮೀರಿದ್ದ ಅವರ ಅಂಕಗಳ ಸರಾಸರಿ ಮರುವರ್ಷ ಹದಿನಾರರ ಒಳಗಿಳಿಯಿತು. ಆ ವರ್ಷವೇ, 1999ರಲ್ಲಿ, ತಂಡಕ್ಕೆ ಪ್ರಥಮ ಚಾಂಪಿಯನ್‌ಪಟ್ಟ ಬಂದಿತು, ಫೈನಲ್‌ನ ಶ್ರೇಷ್ಠ ಆಟಗಾರನೆಂಬ ಗೌರವ ಡಂಕನ್ನರಿಗೆ ಸಂದಿತು. ಉಳಿ ಎಂದು ಬಾಯಲ್ಲಿ ಹೇಳುವ ಮೊದಲೇ ಜಾಗವನ್ನು ತೆರವು ಮಾಡಿಕೊಟ್ಟಾಗಿತ್ತು. 2003ರಲ್ಲಿ ಎರಡನೆಯ ಪಟ್ಟವನ್ನು ಗೆದ್ದ ತಮ್ಮ ಕಡೆಯ ಪಂದ್ಯದಲ್ಲಿ ರಾಬಿನ್ಸನ್ನರು 17 ರಿಬೌಂಡ್‌ಗಳನ್ನು ಹಿಡಿದರೆಂಬುದು ನನಗೆ ಬಹು ಅರ್ಥವತ್ತಾಗಿ ತೋರುತ್ತದೆ. ರಿಬೌಂಡ್ ಎಂಬುದು ಇನ್ನೊಬ್ಬರ ತಪ್ಪಿದ ಎಸೆತವನ್ನು ತಂಡಕ್ಕೆ ದಕ್ಕಿಸಿಕೊಡುವ ಕೆಲಸ.

ಬ್ರಯಂಟರಿಗೆ ಅನ್ಯಾಯವಾಗದಂತೆ ಒಂದು ಮಾತು ಹೇಳಲೇಬೇಕು. ರಾಬಿನ್ಸನ್ನರಿಗೆ ಸಹಜವಾಗಿ ಒಲಿದ ತ್ಯಾಗವು ಬ್ರಯಂಟರ ಜೀವನಕ್ರಮಕ್ಕೇ ಹೊರಗಾದುದು. ತಾವೇ ತರುಣರಾಗಿದ್ದಾಗ ಶಕೀಲ್ ಓನೀಲರೆಂಬ ಹಿರಿಯ ಮಹಾತಾರೆಯ ಜತೆಗೆ ಮೂರು ಪಟ್ಟಗಳನ್ನು ಗೆದ್ದರೂ ಆ ನೆರಳಿನಲ್ಲಿ ಅವರಿಗೆ ನೆಮ್ಮದಿಯಿರಲಿಲ್ಲ. 2004ರ ಜುಲೈನಲ್ಲಿ ಓನೀಲರು ಮಯಾಮಿಗೆ ಹೋದರು, ಫ್ರೀ ಏಜೆಂಟ್ ಆಗಿದ್ದ ಬ್ರಯಂಟರು ಅದೇ ತಿಂಗಳು ಲೇಕರ್ಸ್‌ನಲ್ಲಿಯೇ ಉಳಿಯಲು ಸಹಿ ಹಾಕಿದರು. ಯಾರಿಗೂ ಎರಡನೆಯವನಾಗಲೊಲ್ಲದ ಆ ಹಟವೇ ಅವರನ್ನು ಮಹಾನ್ ಆಟಗಾರನನ್ನಾಗಿ ಮಾಡಿದ್ದು. ಹಿಮ್ಮಡಿ ಹರಿದು, ಮತ್ತೆ ಆಡುವರೋ ಇಲ್ಲವೋ ಎಂದು ಲೋಕವೇ ಸಂಶಯಪಡುತ್ತಿದ್ದ ಆ ಜುಲೈನಲ್ಲಿ, ತನ್ನ ಸ್ಥಾನವನ್ನು ಇನ್ನೊಬ್ಬನಿಗೆ ಕೊಡುತ್ತೇನೆಂದು ಹೇಳುವುದು ಅವರಿಗೆ ಶರಣಾಗತಿಯಂತೆ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ತಮ್ಮಲ್ಲಿದ್ದ ಅತ್ಯಂತ ಬೆಲೆಯುಳ್ಳ ವಸ್ತು ವಿದ್ಯೆ; ಅದನ್ನೇ ಕೊಡಲು ಬಂದರು. ಆ ಕೊಡುಗೆಯಲ್ಲಿ ಕಪಟವಿರಲಿಲ್ಲ. ಆದರೆ ಇಪ್ಪತ್ತೇಳರ ಪ್ರಾಯದಲ್ಲಿ, ಶರೀರಬಲದ ಉತ್ತುಂಗದಲ್ಲಿದ್ದವನು ಕೇಳಲು ಬಯಸಿದ್ದು, ಇದು ಎಂದಿನಿಂದ ನನ್ನ ತಂಡವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು. ಆ ಉತ್ತರವನ್ನು ಬ್ರಯಂಟರು ಕಾಲಕ್ಕೆ ಬಿಟ್ಟರು.

ಪರಿಣಾಮವು ಇಬ್ಬರಿಗೂ ಕಹಿಯಾಯಿತು. ಲೇಕರ್ಸ್ ತಂಡವು ಮುಂದಿನ ಮೂರು ಋತುಗಳಲ್ಲಿ ಕ್ರಮವಾಗಿ 27, 21, 17 ಪಂದ್ಯಗಳನ್ನು ಮಾತ್ರ ಗೆದ್ದಿತು. ಬ್ರಯಂಟರು 2013-14ರಲ್ಲಿ ಆರೇ ಪಂದ್ಯಗಳನ್ನಾಡಿ ಮತ್ತೆ ಗಾಯಗೊಂಡರು, 2016ರ ಏಪ್ರಿಲ್‌ನಲ್ಲಿ 60 ಅಂಕಗಳ ಅಪೂರ್ವ ಪ್ರದರ್ಶನದೊಡನೆ ನಿವೃತ್ತರಾದರು. ಹೊವರ್ಡರು ಹ್ಯೂಸ್ಟನ್ನಿನ ಪರವಾಗಿ 2015ರಲ್ಲಿ ಪಶ್ಚಿಮ ವಿಭಾಗದ ಫೈನಲ್ ತಲುಪಿದರಾದರೂ ಗೋಲ್ಡನ್ ಸ್ಟೇಟ್ ಎದುರು ಸೋತರು. ಅನಂತರ ಅಟ್ಲಾಂಟ, ಷಾರ್ಲಟ್, ವಾಷಿಂಗ್ಟನ್ ಎಂದು ತಂಡದಿಂದ ತಂಡಕ್ಕೆ ಅಲೆದರು. ಅಭಿಮಾನಿಗಳ ಚರ್ಚೆಯಲ್ಲಿ ಈ ಫಲಿತಾಂಶಗಳನ್ನು ಹಿಡಿದುಕೊಂಡು, ನೋಡಿದಿರಾ, ಕೋಬಿಯೇ ಸರಿ ಎಂದವರೂ ಉಂಟು, ನೋಡಿದಿರಾ, ಉಳಿದಿದ್ದರೆ ಮುಳುಗುವ ಹಡಗಿನಲ್ಲಿರುತ್ತಿದ್ದ ಎಂದವರೂ ಉಂಟು. ಫಲವನ್ನು ಕಂಡು ಮಾತಿನ ಯುಕ್ತಾಯುಕ್ತತೆಯನ್ನು ನಿರ್ಣಯಿಸುವ ಈ ಎರಡು ಬಗೆಯೂ ನನಗೆ ಒಪ್ಪಿಗೆಯಿಲ್ಲ. ಗಾಯಗಳು ಯಾವ ವಾದವನ್ನೂ ಕೇಳಿ ಬರುವುದಿಲ್ಲ.

ನಿಜವಾಗಿ ಯೋಚನೆಗೆ ಯೋಗ್ಯವಾದದ್ದು ಆರು ವರ್ಷಗಳ ಅನಂತರ ನಡೆದುದು. 2019ರ ಆಗಸ್ಟ್‌ನಲ್ಲಿ ಹೊವರ್ಡರು ಯಾವ ಭರವಸೆಯೂ ಇಲ್ಲದ ಕರಾರಿಗೆ ಒಪ್ಪಿ ಲೇಕರ್ಸ್ ತಂಡಕ್ಕೆ ಮರಳಿದರು. ಲೆಬ್ರಾನ್ ಜೇಮ್ಸರೂ ಆಂಟನಿ ಡೇವಿಸರೂ ಮುಂದಾಳುಗಳಾಗಿದ್ದ ಆ ತಂಡದಲ್ಲಿ ಇವರು ಬಹುತೇಕ ಬೆಂಚಿನಿಂದೆದ್ದು ಬಂದು, ಪಂದ್ಯಕ್ಕೆ ಹತ್ತೊಂಬತ್ತು ನಿಮಿಷದಷ್ಟು ಆಡಿ, ರಕ್ಷಣೆಗೂ ರಿಬೌಂಡ್‌ಗೂ ಮೈಮುರಿದು ದುಡಿದರು. 2020ರ ಜನವರಿ 26ರಂದು ಬ್ರಯಂಟರು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಫೆಬ್ರವರಿಯ ಡಂಕ್ ಸ್ಪರ್ಧೆಯಲ್ಲಿ ತಮಗೆ ನೆರವಾಗಬೇಕೆಂದು ಹೊವರ್ಡರು ಅವರನ್ನು ಕೇಳಿಕೊಂಡಿದ್ದರು. ಹಳೆಯ ಕಹಿ ಅಷ್ಟರಮಟ್ಟಿಗೆ ಕರಗಿತ್ತು. ಆ ಸ್ಪರ್ಧೆಯಲ್ಲಿ ತಮ್ಮ ಪ್ರಖ್ಯಾತವಾದ ಸೂಪರ್‌ಮ್ಯಾನ್ ವೇಷವನ್ನು ತೊಟ್ಟು ಬಂದ ಹೊವರ್ಡರು, ಎದೆಯ ಮೇಲಿನ ಆ ಚಿಹ್ನೆಯನ್ನು ತೆಗೆದು ಅದರಡಿಯಲ್ಲಿದ್ದ 24 ಎಂಬ ಬ್ರಯಂಟರ ಸಂಖ್ಯೆಯನ್ನು ತೋರಿಸಿದರು. ಅದೇ ವರ್ಷದ ಅಕ್ಟೋಬರ್ 11ರಂದು, ತಾವು ವೃತ್ತಿಯನ್ನಾರಂಭಿಸಿದ ಆರ್ಲೆಂಡೊ ನಗರದ ಸಮೀಪದಲ್ಲಿಯೇ, ಲೇಕರ್ಸ್ ಅಂಗಿಯಲ್ಲಿ ತಮ್ಮ ಮೊದಲ ಚಾಂಪಿಯನ್‌ಪಟ್ಟವನ್ನು ಗೆದ್ದರು. ಗೆಲುವಿಗಾಗಿ ತನ್ನನ್ನು ತಾನು ಕಿರಿದು ಮಾಡಿಕೊಳ್ಳುವ ವಿದ್ಯೆಯನ್ನು ಅವರು ಕಡೆಗೂ ಕಲಿತರು. ಅದನ್ನು ಕಲಿಸಿದ್ದು ಅವಮಾನ, ವಯಸ್ಸು, ಅಲೆದಾಟ. ಬ್ರಯಂಟರು 2013ರಲ್ಲಿ ಕಂಡ ಕೊರತೆ ನಿಜವಾದದ್ದೆಂದು ಇದರಿಂದ ಸಿದ್ಧವಾಗುತ್ತದೆ. ಕೊರತೆಯನ್ನು ಕಂಡವನೆಲ್ಲ ಅದನ್ನು ತುಂಬಬಲ್ಲವನಾಗುವುದಿಲ್ಲವೆಂಬುದೂ ಅದರಿಂದಲೇ ಸಿದ್ಧವಾಗುತ್ತದೆ.

ಅಭಿಮಾನಿಗಳ ಇಂಥ ವಾದಗಳನ್ನು ಕಾಲಹರಣವೆಂದು ತಳ್ಳಿಹಾಕುವವರಿದ್ದಾರೆ. ನಾನು ಆ ಗುಂಪಿನವನಲ್ಲ. ತಮಗೆ ಒಂದು ಡಾಲರೂ ಬಾರದ ವ್ಯವಹಾರದಲ್ಲಿ, ತಾವು ಎಂದೂ ಪ್ರವೇಶಿಸದ ಕೊಠಡಿಯೊಂದರಲ್ಲಿ ನಡೆದ ಸಂಭಾಷಣೆಯ ಧರ್ಮಾಧರ್ಮಗಳನ್ನು ಸಾಮಾನ್ಯ ಜನರು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸುವುದು ಅವರಲ್ಲಿ ನ್ಯಾಯಬುದ್ಧಿಯು ಎಚ್ಚರವಾಗಿದೆಯೆಂಬುದಕ್ಕೆ ಗುರುತು. ಆಟದಲ್ಲಿ ಆಸಕ್ತಿಯಿರುವವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಯಾವುದಾದರೊಂದು ಜುಲೈನಲ್ಲಿ, ಹಿರಿಯ ತಾರೆಯೊಬ್ಬನು ಮತ್ತೊಬ್ಬನನ್ನು ತನ್ನ ತಂಡಕ್ಕೆ ಕರೆದ ಸುದ್ದಿ ಬಂದಾಗ, ಆತನ ಮಾತು ಸಿಹಿಯೇ ಖಾರವೇ ಎಂದು ಕೇಳುವುದಕ್ಕೆ ಮೊದಲು ಆತನ ಹಿಂದಿನ ಒಂದೆರಡು ಋತುಗಳನ್ನು ನೋಡಿ: ಕಿರಿಯರಿಗಾಗಿ ತನ್ನ ಎಸೆತಗಳನ್ನು ಕಡಮೆ ಮಾಡಿಕೊಂಡನೆ, ತಂಡಕ್ಕೆ ಅನುಕೂಲವಾಗಲೆಂದು ಸಂಬಳದಲ್ಲಿ ಏನಾದರೂ ಬಿಟ್ಟನೆ, ಪಂದ್ಯದ ಕಡೆಯ ನಿಮಿಷದಲ್ಲಿ ಚೆಂಡನ್ನು ಮತ್ತೊಬ್ಬನ ಕೈಗಿತ್ತನೆ? ಇವಕ್ಕೆ ಹೌದೆಂಬ ಉತ್ತರ ದೊರೆತರೆ ಆತನು ಎಷ್ಟು ಕಟುವಾಗಿ ಮಾತನಾಡಿದರೂ ಕಿರಿಯನು ಅದನ್ನು ತಾಳಿಕೊಂಡಾನು. ಇಲ್ಲವೆಂದಾದರೆ, ಎಷ್ಟೇ ಸತ್ಯವನ್ನು ಹೇಳಲಿ, ಆತನು ಕರೆಯುತ್ತಿರುವುದು ಒಬ್ಬ ಸಹಾಯಕನನ್ನೇ ಹೊರತು ಉತ್ತರಾಧಿಕಾರಿಯನ್ನಲ್ಲ; ಆ ವ್ಯತ್ಯಾಸವನ್ನು ಅರಿಯದಷ್ಟು ಮುಗ್ಧನಾದ ಆಟಗಾರನು ಆ ಮಟ್ಟದ ಆಟಕ್ಕೆ ಏರಿ ಬರುವುದೇ ಅಪರೂಪ.